ಮೂಗು ತೂರಿಸುವ ಸಂಭ್ರಮ

ಗೆಳೆಯನ ಕಥಾಸಂಕಲನಕ್ಕೆ ಬಹುಮಾನ ಬಂತು, ಗೆಳತಿಯ ಕಿರುಚಿತ್ರ ಚಿತ್ರೋತ್ಸವಕ್ಕೆ ಆಯ್ಕೆಯಾಯಿತು. ಸಾಧಿಸಿದ್ದು ಅವರು, ಪಾರ್ಟಿ ಕೇಳುವ ಹಕ್ಕು ಮಾತ್ರ ನಮ್ಮದು. ದರ್ಶಿನಿಯ ಮಸಾಲೆದೋಸೆಯಲ್ಲಿ ಮುಗಿಯುತ್ತಿದ್ದ ಸಂಭ್ರಮ ಈ ಬಾರಿ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿತೋಟಕ್ಕೆ ಹೊರಟಿತು.

ಅಲ್ಲಿ ವೈನನ್ನು ಸುಮ್ಮನೆ ಕುಡಿಯುವ ಹಾಗಿಲ್ಲ. ಗ್ಲಾಸಿನ ಕಾಲು ಹಿಡಿದು, ಓರೆ ಮಾಡಿ ಬಣ್ಣ ನೋಡಿ, ಗಿರಗಿರ ತಿರುಗಿಸಿ, ಮೂಗು ಒಳಗಿಟ್ಟು ಮೂಸಬೇಕು. ಆಮೇಲೆ ಒಂದು ಗುಟುಕು. ಬೇಕಿದ್ದರೆ ಅದನ್ನೂ ಪಕ್ಕದ ಪಾತ್ರೆಗೆ ಉಗುಳಬಹುದಂತೆ. “ಕಾಸು ಕೊಟ್ಟು ಉಗುಳೋದಾ?” ಎಂದು ಕಥೆಗಾರ ಹೌಹಾರಿದ.

ಶಿರಾಜ್ ಎಂಬ ವೈನ್ ಬಂತು. “ಕಾಳುಮೆಣಸಿನ ಘಮ ಗೊತ್ತಾಯ್ತಾ ಸರ್?” ಎಂದ ಸುರಿಯುವ ಹುಡುಗ. ನಮಗೆ ಕಾಳುಮೆಣಸು ಎಂದರೆ ಸಾರು. ಆದರೂ ಎಲ್ಲರೂ ಗಂಭೀರವಾಗಿ ತಲೆಯಾಡಿಸಿದೆವು. ಕವಿಗೋಷ್ಠಿಗಳಲ್ಲಿ ಕೂತು ಬಂದ ಅಭ್ಯಾಸ.

ಈ ಸೀಮೆಯ ಹೆಮ್ಮೆ ಬೆಂಗಳೂರು ಬ್ಲೂ ದ್ರಾಕ್ಷಿ. 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯನ್ನೂ ಪಡೆದಿದೆ. ಆದರೆ ದುಬಾರಿ ಬಾಟಲಿಯ ಯೋಗವೆಲ್ಲ ಫ್ರಾನ್ಸ್ ಮೂಲದ ತಳಿಗಳಿಗೆ. ಊರಿನ ಹಣ್ಣಿನ ಪಾಲಿಗೆ ಜ್ಯೂಸು, ಜಾಮು, ಹೆಚ್ಚೆಂದರೆ ಸಿಹಿ ಪೋರ್ಟ್ ವೈನು. “ನಮ್ಮ ವಿಮರ್ಶಕರೂ ಹೀಗೇ” ಎಂದು ಕಥೆಗಾರ ನಿಟ್ಟುಸಿರಿಟ್ಟ. ಬಹುಮಾನ ಬಂದರೂ ಲೇಖಕರಿಗೆ ವಿಮರ್ಶಕರ ಮೇಲಿನ ಮುನಿಸು ಇಳಿಯುವುದಿಲ್ಲ ನೋಡಿ. ಅದೂ ಹಳತಾದಷ್ಟು ಮತ್ತೇರುವ ಸರಕೇ.

ಬಿಲ್ ಬಂತು. ಎಲ್ಲರಿಗೂ ಏಕಕಾಲಕ್ಕೆ ಪ್ರಕೃತಿಪ್ರೇಮ ಉಕ್ಕಿ ಬೆಟ್ಟ ನೋಡತೊಡಗಿದೆವು.

“ಬಹುಮಾನದ ದುಡ್ಡು ಎಲ್ಲೋ?” ಎಂದು ಕೇಳಿದೆ.

“ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟಿದ್ದಾರೆ. ಚೆಕ್ಕು ಆಮೇಲಂತೆ.”

“ಬುಟ್ಟಿನಾದ್ರೂ ತರಬಾರದಿತ್ತೇನೋ,” ಎನ್ನುತ್ತಾ ಗೆಳತಿ ಕಾರ್ಡ್ ತೆಗೆದಳು. “ದ್ರಾಕ್ಷಿ ಇದ್ದಿದ್ರೆ ಇವರಿಗೇ ಕೊಟ್ಟು ಲೆಕ್ಕ ಚುಕ್ತಾ ಮಾಡಬಹುದಿತ್ತು!”