ಪ್ರಾಜೆಕ್ಟ್ ಕೊಳ್ಳಬೇಡಿ, ಅಜ್ಜಂಪುರಕ್ಕೆ ಹೋಗಿ

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಕೊನೆಯ ವರ್ಷದ ಗೆಳೆಯ ಗೆಳತಿಯರೇ,

ನಿಮ್ಮಲ್ಲಿ ಕೆಲವರು ಈಗಾಗಲೇ ಶಿವಮೊಗ್ಗಕ್ಕೋ ಬೆಂಗಳೂರಿಗೋ ಫೋನ್ ಮಾಡಿ ರೆಡಿಮೇಡ್ ಪ್ರಾಜೆಕ್ಟಿನ ರೇಟು ವಿಚಾರಿಸಿರಬಹುದು. ಕೋಡು, ರಿಪೋರ್ಟು, ಪಿಪಿಟಿ, ವೈವಾದಲ್ಲಿ ಹೇಳಬೇಕಾದ ಉತ್ತರ, ಎಲ್ಲ ಸೇರಿ ಒಂದು ಪೆನ್‌ಡ್ರೈವ್. ನಾನು ಓದುವಾಗ ನಮ್ಮ ಬ್ಯಾಚಿನ ಮೂರು ತಂಡಗಳು ಒಂದೇ ಅಂಗಡಿಯಿಂದ ಒಂದೇ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಕೊಂಡು ತಂದವು. ಮೂರೂ ಪಾಸಾದವು. ಆ ತಂಡಗಳಲ್ಲಿ ಒಬ್ಬಳಿಗೆ ನಮ್ಮೆಲ್ಲರಿಗಿಂತ ಚುರುಕು ತಲೆಯಿತ್ತು. ಸ್ವಂತ ಪ್ರಶ್ನೆಯೊಂದರ ಬೆನ್ನು ಹತ್ತಲು ಸಿಗುವ ನಾಲ್ಕು ತಿಂಗಳು ಇಡೀ ಡಿಗ್ರಿಯಲ್ಲಿ ಅದೊಂದೇ ಸಲ. ಅದನ್ನು ಆಕೆ ದುಡ್ಡು ಕೊಟ್ಟು ಕಳೆದುಕೊಂಡಳು. ಆ ನೋವು ನನಗೆ ಇನ್ನೂ ಇದೆ, ಅದಕ್ಕೇ ಈ ಪತ್ರ.

ಪ್ರಶ್ನೆ ಎಲ್ಲಿಂದ ತರುವುದು ಎನ್ನುತ್ತೀರಿ. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಬಂದು, ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆದ ತಳಿ ಅದು. ಬೂದು ಮೈ, ಹಿಂದಕ್ಕೆ ಬಾಗಿದ ಚೂಪು ಕೊಂಬು. ಹತ್ತು ಹಸು ಸಾಲಾಗಿ ನಿಂತರೆ ಯಾವುದು ಯಾವುದೆಂದು ಹೊಸಬರಿಗೆ ತಿಳಿಯದು. ಗುರುತಿಗೆಂದು ಹನ್ನೆರಡು ಅಂಕಿಯ ಕಿವಿ ಬಿಲ್ಲೆ ಹಾಕಿದರೂ, ಕಾವಲಿನ ಮುಳ್ಳುಪೊದೆಗೆ ಸಿಕ್ಕಿ ಬಿಲ್ಲೆ ಹರಿದು ಹೋಗಬಹುದು.

ಹಸುವನ್ನು ಅದರ ಮೂತಿಯಿಂದಲೇ ಗುರುತಿಸಬಹುದು. ಮೂಗಿನ ತೇವದ ಚರ್ಮದ ಮೇಲಿನ ಗೆರೆಗಳು ನಮ್ಮ ಹೆಬ್ಬೆಟ್ಟಿನಂತೆ ಒಂದೊಂದಕ್ಕೆ ಒಂದೊಂದು ಬಗೆ. 1922ರಲ್ಲೇ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಈ ಬಗ್ಗೆ ಲೇಖನ ಬಂದಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಓಪನ್‌ಕೌಸ್2020 ಎಂಬ ಚಿತ್ರಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆದರೆ ಅದರಲ್ಲಿರುವುದು ಕಪ್ಪು ಬಿಳುಪು ಮಚ್ಚೆಯ ಹೋಲ್‌ಸ್ಟೀನ್ ಹಸುಗಳು. ಬೆನ್ನಿನ ಮಚ್ಚೆ ನೋಡಿಯೇ ಯಂತ್ರ ಅವನ್ನು ಗುರುತು ಹಿಡಿಯುತ್ತದೆ. ಮಚ್ಚೆಯೇ ಇಲ್ಲದ ನಮ್ಮ ಬೂದು ಹಸುವಿನ ಮುಂದೆ ಆ ಜಾಣತನ ನಡೆಯದು. ಮೂತಿಯ ಫೋಟೋ ನೋಡಿ ಹಸುವನ್ನು ಗುರುತಿಸುವ ನಿಮ್ಮ ಪ್ರಾಜೆಕ್ಟ್ ಶುರುವಾಗುವುದು ಅಲ್ಲಿಂದ.

ಕೋಡ್ ಬರೆಯುವುದು ಇದರಲ್ಲಿ ಸುಲಭದ ಪಾಲು. ಅಮೃತ ಮಹಲ್ ಅಪರಿಚಿತರನ್ನು ಹತ್ತಿರ ಬಿಟ್ಟುಕೊಳ್ಳುವ ಜಾತಿಯಲ್ಲ. ಅನುಮತಿ ಪತ್ರ ಬೇಕು, ಹಸುಗಳನ್ನು ಹೆಸರಿಟ್ಟು ಕರೆಯಬಲ್ಲ ದನಗಾಹಿಯ ಸ್ನೇಹ ಬೇಕು, ಬೆಳಗಿನ ಬೆಳಕು ಬೇಕು. ಹದಿನಾರು ವಾರಗಳ ಸೆಮಿಸ್ಟರಿನಲ್ಲಿ ಮೊದಲ ಐದಾರು ವಾರ ಬರೀ ಫೋಟೋಕ್ಕೆ ಇಟ್ಟುಬಿಡಿ.

ಇನ್ನೊಂದು ಮಾತು, ದಯವಿಟ್ಟು ಮನಸ್ಸಿಟ್ಟು ಕೇಳಿ. ಒಂದೇ ದಿನ ಒಂದು ಹಸುವಿನ ಹತ್ತು ಫೋಟೋ ತೆಗೆದು, ಎಂಟನ್ನು ಕಲಿಕೆಗೆ, ಎರಡನ್ನು ಪರೀಕ್ಷೆಗೆ ಹಾಕಿದರೆ ಉತ್ತರ ನೂರರ ಹತ್ತಿರ ಬರುತ್ತದೆ. ಹಿಗ್ಗಬೇಡಿ. ಯಂತ್ರ ಆ ದಿನದ ಬಿಸಿಲನ್ನು, ಮೂತಿಗೆ ಅಂಟಿದ ಹುಲ್ಲನ್ನು, ಹಿಂದಿನ ಬೇಲಿಯನ್ನು ಕಲಿತಿರಬಹುದು. ಕಲಿಕೆಗೆ ಒಂದು ದಿನದ ಫೋಟೋ, ಪರೀಕ್ಷೆಗೆ ಎರಡು ವಾರ ಬಿಟ್ಟು ತೆಗೆದ ಫೋಟೋ, ಹೀಗೆ ದಿನದ ಲೆಕ್ಕದಲ್ಲಿ ಬೇರೆ ಮಾಡಿ. ಅಂಕಿ ಕೆಳಗಿಳಿಯುತ್ತದೆ. ಇಳಿದ ಅಂಕಿಯನ್ನೇ ರಿಪೋರ್ಟಿನಲ್ಲಿ ಬರೆಯಿರಿ, ಯಾವ ಹಸುವಿನಲ್ಲಿ ಯಂತ್ರ ಎಡವಿತು, ಯಾಕೆ ಎಡವಿತು ಎಂದು ಎರಡು ಪುಟ ಬರೆಯಿರಿ. ನಾನು ಪರೀಕ್ಷಕನಾಗಿದ್ದರೆ ಮೊದಲು ತೆರೆಯುವುದು ಆ ಎರಡು ಪುಟವನ್ನೇ.

ದನದ ಗೊಡವೆ ಬೇಡ ಎನ್ನುವವರಿಗೆ ಮಳೆಯಿದೆ. ಭದ್ರಾ ಅಣೆಕಟ್ಟು ಇರುವ ಲಕ್ಕವಳ್ಳಿ ತರೀಕೆರೆ ತಾಲ್ಲೂಕಿನದು. ಅದರ ಪಕ್ಕದ ಕಡೂರು ಬರಕ್ಕೆ ಹೆಸರಾದ ತಾಲ್ಲೂಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಇವೆ. ಆ ಅಂಕಿಗಳನ್ನು ಅಯ್ಯನಕೆರೆಯ ಉಪಗ್ರಹ ಚಿತ್ರಗಳ ಪಕ್ಕದಲ್ಲಿಟ್ಟು, ಎಷ್ಟು ಮಳೆಗೆ ಎಷ್ಟು ನೀರು ಹರಡಿತು ಎಂದು ನೋಡಿದರೂ ಒಂದು ಸೆಮಿಸ್ಟರ್ ಸಾಲದು.

ದುಡ್ಡಿನ ಚಿಂತೆಯಿದ್ದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು, ಗೈಡ್ ಹತ್ತಿರ ಇಂದೇ ಮಾತಾಡಿ. ಬಿಸಿಎ ಓದುವವರಿಗೆ ಒಂದು ಫೋನು, ಒಂದು ನೋಟ್‌ಬುಕ್ ಸಾಕು, ಶುರು ಮಾಡಬಹುದು. ಆ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಅಂದಂದಿನದನ್ನು ಅಂದೇ ಬರೆಯಿರಿ. ಕೊನೆಯ ಮೂರು ವಾರ ಹೊಸದೇನನ್ನೂ ಸೇರಿಸದೆ, ಮಾಡಿದ್ದನ್ನೇ ಪರೀಕ್ಷಿಸಿ.

ಅನುಮತಿ ಕೋರುವ ಪತ್ರವನ್ನು ಮಾತ್ರ ಈ ವಾರವೇ ಬರೆಯಿರಿ. ಮಳೆ ಹಿಡಿದರೆ ಅಜ್ಜಂಪುರದ ಎರೆಮಣ್ಣಿನಲ್ಲಿ ಬೈಕು ಮುಂದೆ ಹೋಗುವುದಿಲ್ಲ.

ಇಂತಿ,
ನಿಮ್ಮ ಸೀಮೆಯ ಹಳೆಯ ವಿದ್ಯಾರ್ಥಿ