ಸ್ಯಾಂಡ್‌ವಿಚ್ ಸಾಹೇಬರು

ನಿಮ್ಮ ಆಫೀಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಮೊನ್ನೆಮೊನ್ನೆಯವರೆಗೆ ಬರೀ ಮ್ಯಾನೇಜರ್. ಕನಕಪುರ ರಸ್ತೆಯ ರೆಸಾರ್ಟಿನಲ್ಲಿ ಎರಡು ದಿನದ ತರಬೇತಿ, ಬಫೆ ಊಟ, ಕಣ್ಣುಮುಚ್ಚಿ ಸಹೋದ್ಯೋಗಿಗಳ ತೋಳಿಗೆ ಹಿಮ್ಮುಖವಾಗಿ ಬೀಳುವ ಆಟ ಎಲ್ಲ ಮುಗಿಸಿ ಸೋಮವಾರ ಲೀಡರ್ ಆಗಿ ಬಂದಿದ್ದಾರೆ. ಹಿಂದೆ ತಪ್ಪು ಕಂಡರೆ ‘ಏನ್ರೀ ಇದು, ಲೆಕ್ಕ ತಲೆಕೆಳಗಾಗಿದೆ!’ ಎಂದು ಕೂಗುತ್ತಿದ್ದರು. ಇಡೀ ಮಹಡಿಗೆ ಕೇಳುತ್ತಿತ್ತು ನಿಜ, ಆದರೆ ಯಾವ ಲೆಕ್ಕ ಅಂತಾದರೂ ತಿಳಿಯುತ್ತಿತ್ತು. ಈಗ ಬಾಗಿಲು ಹಾಕಿ, ನೀರಿನ ಬಾಟಲಿ ಮುಂದಿಟ್ಟು, ಮೆಲ್ಲಗೆ ‘ಒಂದೈದು ನಿಮಿಷ ಇದೆಯಾ?’ ಅನ್ನುತ್ತಾರೆ. ಕೇಳಿದವರ ಎದೆ ಅಲ್ಲೇ ಧಸಕ್ಕೆನ್ನುತ್ತದೆ.

ಅವರು ಕಲಿತು ಬಂದಿರುವ ವಿದ್ಯೆ ಸ್ಯಾಂಡ್‌ವಿಚ್ ಪದ್ಧತಿ. ಮೇಲೊಂದು ಹೊಗಳಿಕೆ, ಕೆಳಗೊಂದು ಹೊಗಳಿಕೆ, ನಡುವೆ ಟೀಕೆ. ಅಮೆರಿಕದಲ್ಲಿ ಸೌಂದರ್ಯವರ್ಧಕಗಳ ದೊಡ್ಡ ಕಂಪನಿ ಕಟ್ಟಿದ ಮೇರಿ ಕೇ ಆಶ್ 1984ರ ತಮ್ಮ ಪುಸ್ತಕದಲ್ಲಿ ಇದನ್ನೇ ಬೋಧಿಸಿದ್ದರು. ಆ ಹೆಂಗಸಿಗೆ ಅದು ಒಲಿದಿತ್ತೇನೋ. ನಮ್ಮ ಸಾಹೇಬರ ಬಾಯಲ್ಲಿ ಹೀಗಾಗುತ್ತದೆ:

‘ನೀವು ಟೀಮಿನ ಆಸ್ತಿ ಕಣ್ರೀ. ಶುಕ್ರವಾರದ ರಿಲೀಸಿನಲ್ಲಿ ಸರ್ವರ್ ಸ್ವಲ್ಪ ಮಲಗಿಬಿಡ್ತು, ಕ್ಲೈಂಟ್ ಒಂಚೂರು ಬೇಜಾರಾಗಿದ್ದಾರೆ. ಅದಿರಲಿ, ನಿಮ್ಮ ಈಮೇಲ್‌ಗಳು ಎಷ್ಟು ನೀಟಾಗಿರ್ತವೆ!’

ಇದನ್ನು ಕೇಳಿದ ಹೊಸ ಹುಡುಗ ಹೊರಗೆ ಬಂದವನೇ ಊರಿಗೆ ಫೋನ್ ಮಾಡಿದ: ‘ಅಮ್ಮಾ, ಪ್ರಮೋಷನ್ ಬರೋ ಹಾಗಿದೆ!’ ವರ್ಷಗಟ್ಟಲೆ ಅಲ್ಲೇ ಸವೆದ ಟೆಸ್ಟಿಂಗ್ ಮೇಡಂಗೂ ಅದೇ ಹೊತ್ತಿಗೆ ‘ನೀವು ಆಸ್ತಿ’ ಎಂಬ ಮಾತು ಸಿಕ್ಕಿತು. ಅವರು ಸೀಟಿಗೆ ಮರಳಿ ರೆಸ್ಯೂಮೆ ತೆರೆದರು. ಈಗಂತೂ ಲಿಫ್ಟಿನಲ್ಲಿ ಸಾಹೇಬರು ‘ಶರ್ಟ್ ಚೆನ್ನಾಗಿದೆ’ ಅಂದರೂ ಜನ ಮುಂದಿನ ವಾಕ್ಯಕ್ಕೆ ಉಸಿರು ಬಿಗಿಹಿಡಿದು ಕಾಯುತ್ತಾರೆ.

ಮನೆಯಲ್ಲೂ ಬಿಡಲಿಲ್ಲ. ‘ಅಮ್ಮಾ, ಒಗ್ಗರಣೆ ಘಮ ಅದ್ಭುತ. ಉಪ್ಪಿನ ವಿಷಯದಲ್ಲಿ ಬೆಳವಣಿಗೆಗೆ ಅವಕಾಶ ಇದೆ. ಬಡಿಸೋ ಶೈಲಿ ಮಾತ್ರ ನಿನ್ನದೇ.’ ಅಮ್ಮ ಸೌಟು ಕೆಳಗಿಟ್ಟರು. ‘ಉಪ್ಪು ಜಾಸ್ತಿಯೋ ಕಮ್ಮಿಯೋ, ಅದನ್ನ ಹೇಳೋ ಮೊದಲು!’

ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಕ್ಲೂಗರ್ ಮತ್ತು ಡೆನಿಸಿ ಎಂಬ ಇಬ್ಬರು ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಹಳೆಯ ಅಧ್ಯಯನಗಳನ್ನೆಲ್ಲ ಗುಡ್ಡೆಹಾಕಿ ನೋಡಿ 1996ರಲ್ಲಿ ಬರೆದದ್ದು ಇದು: ಒಟ್ಟಾರೆ ಕೆಲಸ ಸುಧಾರಿಸುತ್ತದೆ, ಆದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕಡೆ ಇದ್ದದ್ದೂ ಹದಗೆಡುತ್ತದೆ. ಮಾತು ಕೆಲಸವನ್ನು ಬಿಟ್ಟು ಆಳಿನ ಮೇಲೆ ತಿರುಗಿದಷ್ಟೂ ಅದರ ಗುಣ ಕಮ್ಮಿ. ‘ನೀವು ಆಸ್ತಿ’ ಅನ್ನುವುದು ಹಾಗೆ ಆಳಿನ ಮೇಲೆ ತಿರುಗಿದ ಮಾತೇ.

ಸರ್ಕಾರಿ ನೌಕರರು ಇದನ್ನೋದಿ ನಗಬೇಕಿಲ್ಲ. ಅಲ್ಲಿ ಗೌಪ್ಯ ವರದಿ ಬಹುಕಾಲ ನಿಜಕ್ಕೂ ಗೌಪ್ಯವಾಗಿತ್ತು, ಕೆಟ್ಟದ್ದು ಬರೆದಿದ್ದರೆ ಮಾತ್ರ ತಿಳಿಸುವ ರೂಢಿ. ದೇವ್ ದತ್ ಎಂಬುವವರಿಗೆ ಒಂದು ವರ್ಷ ‘ಗುಡ್’ ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು ‘ವೆರಿ ಗುಡ್’. ಹೊಗಳಿಕೆಯೇ ಬಡ್ತಿ ತಿಂದಿತು, ಅದೂ ಅವರಿಗೆ ತಿಳಿಸದೆ. ಒಳ್ಳೆಯದೋ ಕೆಟ್ಟದ್ದೋ, ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇತ್ತ ಪ್ರಮೋಷನ್ ಕನಸಿನ ಹುಡುಗನನ್ನು ಟೆಸ್ಟಿಂಗ್ ಮೇಡಂ ಕ್ಯಾಂಟೀನಿಗೆ ಕರೆದೊಯ್ದರು. ‘ನೋಡಪ್ಪಾ, ಬ್ಯಾಕಪ್ ತೆಗೀದೆ ರಿಲೀಸ್ ಮಾಡಿದೀಯ. ಅದಕ್ಕೇ ಹಳೇ ವರ್ಷನ್‌ಗೆ ವಾಪಸ್ ಹೋಗೋಕಾಗದೆ ಕ್ಲೈಂಟ್ ರಾತ್ರಿಯೆಲ್ಲ ಕಾದ್ರು. ಈ ಶುಕ್ರವಾರ ನೀನೇ ಮಾಡು, ಪಕ್ಕದಲ್ಲಿ ನಾನು ಕೂತಿರ್ತೀನಿ.’ ಕಾಫಿ ಆರುವುದರೊಳಗೆ ಮಾತು ಮುಗಿಯಿತು. ಹುಡುಗನ ಮುಖ ಚಿಕ್ಕದಾಯಿತು. ಆ ಶುಕ್ರವಾರ ಸರ್ವರ್ ಮಲಗಲಿಲ್ಲ.

ಏಪ್ರಿಲ್‌ನ ಅಪ್ರೈಸಲ್‌ನಲ್ಲಿ ಸಾಹೇಬರು ಮೇಡಂ ಬಗ್ಗೆ ಬರೆದರು: ‘ಅತ್ಯಂತ ಶ್ರಮಜೀವಿ. ನಾಯಕತ್ವದ ಗುಣ ಇನ್ನಷ್ಟು ಬೆಳೆಯಬೇಕು. ಸಮಯಪಾಲನೆ ಮಾದರಿ.’ ಮೇಡಂ ಓದಿ, ಥ್ಯಾಂಕ್ಸ್ ಹೇಳಿ, ಮೂರು ತಿಂಗಳ ನೋಟಿಸ್ ಕೊಟ್ಟರು. ಈಗ ಇನ್ನೊಂದು ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದಾರೆ. ಹುಡುಗನೂ ಅಲ್ಲಿಗೇ ಅರ್ಜಿ ಹಾಕಿದ್ದಾನೆ.