ಏಳನೇ ಜೋಡಿಯ ಪೈಲ್ವಾನರು

ಬನದ ಹುಣ್ಣಿಮೆ ಮುಗಿದು ವಾರವಾದರೂ ನಮ್ಮ ಚೊಳಚಗುಡ್ಡದಲ್ಲಿ ಬನಶಂಕರಿ ಜಾತ್ರೆಯ ಮಾತು ಮುಗಿಯುವುದಿಲ್ಲ. ತೇರು ಹೇಗೆ ಸಾಗಿತು, ಯಾವ ಕಂಪನಿಯ ನಾಟಕಕ್ಕೆ ಬೆಳಗಿನ ಜಾವದವರೆಗೂ ಜನ ಕೂತರು, ಬಾಗಿಲು ಚೌಕಟ್ಟಿಗೆ ಈ ಸಲ ಎಷ್ಟು ಹೇಳಿದರು ಅಂತ ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಮೊನ್ನೆ ಸಂಜೆ ನಾನೂ ಪಕ್ಕದ ಮನೆಯ ಕಾಕಾನೂ ಹಾಗೇ ನಿಂತಿದ್ದೆವು. ಕಾಕಾ ಎಮ್ಮೆಗೆ ಕಣಕಿ ಹಾಕಿ, ಧೋತರದ ಚುಂಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಿದ್ದರು. ಅವರ ಮೊಮ್ಮಗ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಅಮೆರಿಕದ ಕುಸ್ತಿ ನೋಡುತ್ತಿದ್ದ. ತಲೆ ಎತ್ತದೆಯೇ ಕೇಳಿದ:

“ಅಜ್ಜಾ, ನೀನೂ ಪೈಲ್ವಾನ ಇದ್ದಿ ಅಂತಾರಲ್ಲ, ನಿನ್ನ ಹೆಸರು ಯಾಕ ಎಲ್ಲೂ ಬರಂಗಿಲ್ಲ?”

ಕಾಕಾ ನಕ್ಕರು. “ನಂದು ಏಳನೇ ಜೋಡಿ, ಮಗಾ. ಹ್ಯಾಂಡಬಿಲ್ಲಿನ್ಯಾಗ ಮ್ಯಾಲಿನ ಮೂರ ಜೋಡಿ ಹೆಸರು ಹಾಕತಿದ್ರು. ಉಳಿದವರಿಗೆಲ್ಲ ‘ಇನ್ನೂ ಅನೇಕ ಜೋಡಿಗಳು’ ಅಂತ ಒಂದ ಸಾಲು.”

ಆ ಮಾತು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಯಾಕೆಂದರೆ ನನ್ನ ಬಾಲ್ಯ ತುಂಬಿದ್ದೇ ಆ ಒಂದು ಸಾಲಿನ ಜನರಿಂದ.

ಸುತ್ತಲಿನ ಊರುಗಳಲ್ಲಿ ಓಕುಳಿ ಇರಲಿ, ಉರುಸು ಇರಲಿ, ಹನಮಪ್ಪನ ಜಾತ್ರೆ ಇರಲಿ, ಮಧ್ಯಾಹ್ನ ಇಳಿಹೊತ್ತಿಗೆ ಹಲಗೆಯ ಸದ್ದು ಕೇಳಿತೆಂದರೆ ನಾವು ಹುಡುಗರು ಊಟ ಬಿಟ್ಟು ಓಡುತ್ತಿದ್ದೆವು. ಮೊದಲು ಸಣ್ಣ ಹುಡುಗರ ಕುಸ್ತಿ, ಗೆದ್ದವನಿಗೆ ತೆಂಗಿನಕಾಯಿ. ಆಮೇಲೆ ಟವೆಲ್ಲು, ಪಾತ್ರೆ, ನೋಟು ಹೀಗೆ ಬಹುಮಾನ ಏರುತ್ತ ಹೋಗಿ, ಹೊತ್ತು ಮುಳುಗುವಾಗ ಬೆಳ್ಳಿ ಕಡಗದ ದೊಡ್ಡ ಕುಸ್ತಿ. ದೊಡ್ಡವರು ಆ ಕಡೇ ಕುಸ್ತಿಗೆ ಕಾಯುತ್ತಿದ್ದರು. ನಮಗೆ ಮಾತ್ರ ನಡುವಿನ ಜೋಡಿಗಳೇ ಪ್ರಾಣ. ಅವರು ನಾವು ಕಂಡ ಜನ. ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕವೇ ಚಹಾ ಕುಡಿದು, ಸಂಜೆ ಕಣದಲ್ಲಿ ಭೀಮನಾಗಿ ನಿಲ್ಲುತ್ತಿದ್ದವರು.

ಅವರ ಹೆಸರು ನಮಗೆ ಗೊತ್ತಿರುತ್ತಿರಲಿಲ್ಲ, ಊರು ಗೊತ್ತಿರುತ್ತಿತ್ತು. ಕೆರೂರವ, ಕಟಗೇರಿಯವ, ಗುಳೇದಗುಡ್ಡದವ. ಊರೇ ಅವರ ಹೆಸರು. ಸೋತರೆ ಊರು ಸೋತಂತೆ, ಗೆದ್ದರೆ ಊರಿಗೆ ಊರೇ ಕಣಕ್ಕೆ ನುಗ್ಗಿ ಹೆಗಲ ಮೇಲೆ ಹೊತ್ತು ಕುಣಿಯುತ್ತಿತ್ತು.

ಗುಳೇದಗುಡ್ಡದವನು ನೇಕಾರ. ವಾರವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಖಣ ನೇಯುವುದು, ಜಾತ್ರೆ ಬಂದರೆ ಕೈಚೀಲದಲ್ಲಿ ಲಂಗೋಟಿ, ಟವೆಲ್ಲು, ಒಂದು ಸಣ್ಣ ಎಣ್ಣೆ ಬಾಟಲಿ ಇಟ್ಟುಕೊಂಡು ಬಸ್ ಹತ್ತುವುದು. ಒಮ್ಮೆ ಅವನಿಗೂ ಒಬ್ಬ ಕಲ್ಲು ಒಡೆಯುವ ಪೈಲ್ವಾನನಿಗೂ ಜೋಡಿ ಹಚ್ಚಿದರು. ಇಬ್ಬರೂ ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಒಂದೊಂದು ಹಿಡಿ ಮಣ್ಣು ಒಬ್ಬರ ಅಂಗೈಗೆ ಒಬ್ಬರು ಕೊಟ್ಟರು. ಕಲ್ಲಿನವನ ತೋಳು ನೇಕಾರನ ತೊಡೆಯಷ್ಟು ದಪ್ಪ. ಜನ ಆಗಲೇ ಕುಸ್ತಿ ಮುಗಿಯಿತು ಅಂದುಕೊಂಡಿದ್ದರು. ಎಷ್ಟೋ ಹೊತ್ತು ಹಣೆಗೆ ಹಣೆ ಕೊಟ್ಟು, ಕುತ್ತಿಗೆಗೆ ಕೈ ಹಾಕಿ ತೂಗಾಡಿದರು. ಕೆಂಪು ಮಣ್ಣು ಬೆವರಿಗೆ ಕಲಸಿ ಇಬ್ಬರಲ್ಲಿ ಯಾರು ಯಾರೆಂದು ತಿಳಿಯದಂತಾಯಿತು. ಕಲ್ಲಿನವನು ಒಂದು ಕ್ಷಣ ಮುಂದಕ್ಕೆ ವಾಲಿದ. ನೇಕಾರ ಅವನ ತೋಳನ್ನು ತನ್ನ ಕಂಕುಳಲ್ಲಿ ಕಚ್ಚಿ ಹಿಡಿದು, ಸೊಂಟ ತಿರುಗಿಸಿ, ಕಾಲು ಅಡ್ಡ ಕೊಟ್ಟು ಎತ್ತಿ ಒಗೆದ. ಢಾಕ! ಬೆನ್ನಿಗೆ ಮಣ್ಣು, ಕಣ್ಣಿಗೆ ಆಕಾಶ. ಚಿತ್!

ಆದರೆ ನನಗೆ ನೆನಪಿರುವುದು ಆಮೇಲಿನದು. ಗೆದ್ದವನು ಕುಣಿಯುವ ಮೊದಲು ಸೋತವನನ್ನು ಎಬ್ಬಿಸಿ, ತನ್ನ ಟವೆಲ್ಲಿನಿಂದ ಅವನ ಬೆನ್ನಿನ ಮಣ್ಣು ಜಾಡಿಸಿದ. ನಂತರವೇ ಬಕ್ಷೀಸಿಗೆ ಕಣದ ಸುತ್ತ ಹೊರಟ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ನಮ್ಮಲ್ಲಿದೆ. ನಾನು ಕಂಡ ಜಟ್ಟಿಗಳ ಮೀಸೆ ಮಣ್ಣಾಗುತ್ತಿತ್ತು, ಅದನ್ನವರು ಯಾರಿಂದಲೂ ಮುಚ್ಚಿಡಲಿಲ್ಲ. ಮುಂದಿನ ಜಾತ್ರೆಗೆ ಮತ್ತೆ ಬರುತ್ತಿದ್ದರು.

“ಕಾಕಾ, ಗೆದ್ದ ರೊಕ್ಕ ಸಾಲತಿತ್ತೇನ್ರಿ?” ಅಂತ ಕೇಳಿದೆ.

“ಎಲ್ಲೀದು ತಮ್ಮಾ. ಹಾಲು, ತುಪ್ಪ, ಬದಾಮು, ಖುರಾಕಿಗೇ ಹೋಗತಿತ್ತು. ನಮ್ಮವ್ವ ಒಂದು ಎಮ್ಮಿ ಹಾಲು ಮಾರದ ನನಗ ಅಂತ ಇಟ್ಟಿದ್ಲು. ಮನ್ಯಾಗ ಉಳಿದವರು ಚಹಾಕ್ಕ ಹಾಲಿಲ್ಲದ ಇದ್ರು.” ಕಾಕಾ ತಮ್ಮ ಎಡಗಿವಿ ಮುಟ್ಟಿಕೊಂಡರು. ಹಿಡಿತಕ್ಕೆ ಸಿಕ್ಕು ಸಿಕ್ಕು ಮುರಿದು, ಒಣಗಿದ ಅಣಬೆಯಂತೆ ಮುದುಡಿದ ಕಿವಿ. ಪ್ರಮಾಣಪತ್ರ ಇಲ್ಲದ ಪೈಲ್ವಾನನಿಗೆ ಅದೊಂದೇ ಗುರುತು.

ದೊಡ್ಡವರ ಕಥೆ ನಮಗೆಲ್ಲ ಗೊತ್ತು. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದು, 1959ರಲ್ಲಿ ಮೊದಲ ಹಿಂದ್ ಕೇಸರಿಯಾದರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದ ಹೆಸರು ಹೇಳಿದರೆ ಇವತ್ತಿಗೂ ಕಾಕಾ ಕೈ ಮುಗಿಯುತ್ತಾರೆ. ದಾರಾಸಿಂಗ್ 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಲೂ ಥೆಸ್ಜ್‌ನನ್ನು ಸೋಲಿಸಿದ್ದು, ಕಿಂಗ್‌ಕಾಂಗ್ ಎಂಬ ಆನೆಯಂಥ ಮಲ್ಲನ ಜೊತೆ ಸೆಣಸಿದ್ದು ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ಪುರಾಣವೇ ಆಗಿತ್ತು. ಅವರೆಲ್ಲ ದೊಡ್ಡವರೇ, ಅನುಮಾನವಿಲ್ಲ. ಆದರೆ ಒಬ್ಬ ಹಿಂದ್ ಕೇಸರಿ ಎದ್ದು ಬರಬೇಕಾದರೆ ಅವನ ಕೆಳಗೆ ಸಾವಿರ ತಾಲೀಮುಗಳು ಬೇಕು, ದಿನಾ ಅವನ ಜೊತೆ ಜೋರು ಮಾಡಿ ಮಣ್ಣಿಗೆ ಬೀಳುವ ಜೋಡಿಗಳು ಬೇಕು. ಏಳನೇ ಜೋಡಿ ಇಲ್ಲದೆ ಮೊದಲನೇ ಜೋಡಿ ಇಲ್ಲ.

ಇದನ್ನು ನಮ್ಮ ಹಳಬರು ಚೆನ್ನಾಗಿ ಅರಿತಿದ್ದರು. ಈ ನೆಲದ ಅರಸರಿಗೆ ಮಲ್ಲ ಅನ್ನುವುದೇ ಬಿರುದು. ಕಲ್ಯಾಣದ ಚಾಲುಕ್ಯರಲ್ಲಿ ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ತ್ರಿಭುವನಮಲ್ಲ ಎಲ್ಲರೂ ಇದ್ದಾರೆ. 642ರಲ್ಲಿ ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮನೂ ಮಹಾಮಲ್ಲನೇ. ಹನ್ನೆರಡನೇ ಶತಮಾನದ ಮೂರನೇ ಸೋಮೇಶ್ವರ, ಅಂದರೆ ಭೂಲೋಕಮಲ್ಲ, ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವನ್ನೇ ಇಟ್ಟ. ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿ ನೋಡಿ ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದ್ದಾನೆ. ಅವರ ಊಟ, ಸಾಧನೆ, ಪಟ್ಟುಗಳ ವಿವರ ಕೊಟ್ಟಿದ್ದಾನೆ. ನಮ್ಮ ಜಟ್ಟಿ ಎಂಬ ಮಾತಿನ ಬೇರು ಆ ಜ್ಯೇಷ್ಠಿಕದಲ್ಲಿದೆ. ನನ್ನ ಮನಸ್ಸು ನಿಲ್ಲುವುದು ಮಾತ್ರ ಗೋವಲನ ಹತ್ತಿರ. ಕೆಳಗಿನ ದರ್ಜೆಯ ಮಲ್ಲನಿಗೂ ಒಬ್ಬ ಚಕ್ರವರ್ತಿ ತನ್ನ ಗ್ರಂಥದಲ್ಲಿ ಜಾಗ ಕೊಟ್ಟ. ಸುಮಾರು ಒಂಬತ್ತು ನೂರು ವರ್ಷದ ಮೇಲೆ ನಾವು ಹ್ಯಾಂಡಬಿಲ್ಲಿನಲ್ಲಿ ಎಲ್ಲರಿಗೂ ಸೇರಿಸಿ ಒಂದು ಸಾಲು ಕೊಟ್ಟೆವು.

ಮಾಜಿ ಪೈಲ್ವಾನರಿಗೆ ಸರ್ಕಾರದ ಮಾಸಾಶನ ಇದೆ, ಒಳ್ಳೆಯದು. ಆದರೆ ಅಂಥದಕ್ಕೆಲ್ಲ ಕಾಗದ ಬೇಕು. ಜಾತ್ರೆಯ ಕಣದಲ್ಲಿ ತೆಂಗಿನಕಾಯಿ, ಟವೆಲ್ಲು ಗೆದ್ದವನು ಯಾವ ಕಾಗದ ತಂದಾನು? ಅವನ ದಾಖಲೆ ಇರುವುದು ನೋಡಿದವರ ಕಣ್ಣಿನಲ್ಲಿ. ಆ ಕಣ್ಣುಗಳಿಗೂ ಈಗ ವಯಸ್ಸಾಗಿದೆ.

ಆ ಸಂಜೆ ಕಾಕಾ ಒಂದೊಂದೇ ಹೆಸರು ನೆನಪು ಮಾಡಿಕೊಂಡರು. ಊರು, ವಸ್ತಾದ, ಮೆಚ್ಚಿನ ಡಾವು. ಮೊಮ್ಮಗ ಮೊಬೈಲು ಕೆಳಗಿಟ್ಟು ಶಾಲೆಯ ನೋಟುಬುಕ್ಕು ತಂದ. ಕತ್ತಲಾಗಿ ಒಳಗಿನಿಂದ ಕಾಕೂ ಊಟಕ್ಕೆ ಕರೆಯುವ ಹೊತ್ತಿಗೆ ಅದರ ಕೊನೆಯ ಪುಟದಲ್ಲಿ ಹದಿನಾರು ಪೈಲ್ವಾನರಿದ್ದರು. ಮೊದಲನೆಯದು ಅವನ ಅಜ್ಜನದೇ ಹೆಸರು.

ನಿಮ್ಮ ಓಣಿಯಲ್ಲೂ ಕಿವಿ ಮುದುಡಿದ ಒಬ್ಬ ಅಜ್ಜ ಇರಬಹುದು. ಇವತ್ತೇ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಯಾವ ಜಾತ್ರೆ, ಯಾರ ಜೋಡಿ, ಎಷ್ಟನೇ ಕುಸ್ತಿ ಅಂತ ಕೇಳಿ ಬರೆದಿಡಿ. ಸೋತ ಕುಸ್ತಿಗಳನ್ನೂ ಬಿಡದೆ ಬರೆಯಿರಿ.